ಏಳು ಜಾಗಗಳ ಒಂದು ದಿನ, ಎರಡು ಜಾಗಗಳ ಮತ್ತೊಂದು ದಿನ: ಕಲಬುರಗಿಯ ಒಂದು ಕುಟುಂಬದ ಬೀದರ್ ಪ್ರವಾಸ

ಕಲಬುರಗಿಯಲ್ಲಿರುವ ನನ್ನ ಅಣ್ಣನ ಮನೆಯವರು ಎಂಟು ತಿಂಗಳ ಅಂತರದಲ್ಲಿ ಎರಡು ಸಲ ಬೀದರಿಗೆ ಹೋಗಿ ಬಂದರು. ಹೋದ ಊರು ಒಂದೇ, ಹೋದವರೂ ಅವರೇ, ಬಾಡಿಗೆಗೆ ಹಿಡಿದ ಗಾಡಿಯೂ ಒಂದೇ. ಆದರೂ ಮೇ ತಿಂಗಳಲ್ಲಿ ಹೋದಾಗ ಮಕ್ಕಳು ಅತ್ತು ಸೋತು, ದೊಡ್ಡವರು ಒಬ್ಬರ ಮೇಲೊಬ್ಬರು ಸಿಟ್ಟಾಗಿ, ರಾತ್ರಿ ಹತ್ತಕ್ಕೆ ಮನೆ ಸೇರಿದ್ದರು. ಜನವರಿಯಲ್ಲಿ ಹೋದ ದಿನವನ್ನಾದರೆ ಆ ಮಕ್ಕಳು ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. ಎರಡೂ ಸಲ ನಾನು ಜೊತೆಗಿದ್ದೆ. ಮೊದಲ ಸಲ ನೋಡಬೇಕಾದ ಜಾಗಗಳ ಪಟ್ಟಿ ಮಾಡಿದವಳೂ ನಾನೇ. ಪ್ರಾಥಮಿಕ ಶಾಲೆಯಲ್ಲಿ ಕಲಿಸುವ ನನಗೆ ಮಕ್ಕಳನ್ನು ಹೊರಗೆ ಕರೆದೊಯ್ಯುವುದು ಹೇಗೆಂದು ಗೊತ್ತಿದೆ ಎಂಬ ನಂಬಿಕೆಯಿತ್ತು. ಆ ನಂಬಿಕೆ ಎಲ್ಲಿ ತಪ್ಪಿತು, ಅದನ್ನು ತಿದ್ದಿಕೊಳ್ಳಲು ನಮಗೆ ದಾರಿ ಎಲ್ಲಿ ಸಿಕ್ಕಿತು ಎಂಬುದನ್ನು ಆಗ ಬರೆದಿಟ್ಟುಕೊಂಡ ಟಿಪ್ಪಣಿಗಳ ನೆರವಿನಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

ಪ್ರವಾಸಕ್ಕೆ ಹೋದವರು ಏಳು ಮಂದಿ. ಅಣ್ಣ, ವೈನಿ, ಅವರ ಮೂವರು ಮಕ್ಕಳು, ಮೊಣಕಾಲು ನೋವಿರುವ ನಮ್ಮ ತಾಯಿ, ನಾನು. ಹಿರಿಯ ಮಗಳಿಗೆ ಹನ್ನೆರಡು, ಮಗನಿಗೆ ಎಂಟು, ಕಿರಿಯವಳಿಗೆ ನಾಲ್ಕು ವರ್ಷ. ಅಣ್ಣನಿಗೆ ವಾರಕ್ಕೆ ಒಂದೇ ರಜೆ. ಆದ್ದರಿಂದ ಮಕ್ಕಳನ್ನು ಕರೆದುಕೊಂಡು ಇಡೀ ದಿನ ಹೊರಗೆ ಹೋಗುವುದು ವರ್ಷಕ್ಕೆ ಎರಡು ಮೂರು ಸಲವಾದರೆ ಅದೇ ಹೆಚ್ಚು. ಹೋದಾಗ ಎಲ್ಲವನ್ನೂ ತೋರಿಸಿಬಿಡಬೇಕೆಂಬ ಅವಸರ ಹುಟ್ಟುವುದು ಇಂಥ ಮನೆಗಳಲ್ಲಿಯೇ, ಮತ್ತು ಆ ಅವಸರದ ಹಿಂದೆ ಇರುವುದು ಮಕ್ಕಳ ಮೇಲಿನ ಪ್ರೀತಿಯೇ. ನಮ್ಮ ತಪ್ಪನ್ನು ಕಾಣಲು ಇಷ್ಟು ತಡವಾದದ್ದಕ್ಕೂ ಬಹುಶಃ ಅದೇ ಕಾರಣ.

ಮೇ ತಿಂಗಳ ದಿನ

ಕಲಬುರಗಿಯಿಂದ ಬೀದರಿಗೆ ರಸ್ತೆಯ ಮೇಲೆ ಸುಮಾರು 115 ಕಿಲೋಮೀಟರ್. ನಾನು ಮಾಡಿದ ಪಟ್ಟಿಯಲ್ಲಿ ಏಳು ಜಾಗಗಳಿದ್ದವು: ದಾರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಗುಡಿ, ನಂತರ ನರಸಿಂಹ ಝರಣಿ, ಸಿಖ್ಖರ ಗುರುದ್ವಾರವಾದ ಗುರುನಾನಕ್ ಝೀರಾ, ಕೋಟೆ, ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ವಿದ್ಯಾಲಯವಾದ ಮದರಸಾ, ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿಗಳ ಗುಂಬಜ್‌ಗಳು, ಕೊನೆಗೆ ಪಾಪನಾಶದ ಶಿವನ ಗುಡಿ. ಬೆಳಿಗ್ಗೆ ಆರಕ್ಕೆ ಹೊರಡಬೇಕೆಂದು ವೈನಿ ಮೂರೂವರೆಗೇ ಎದ್ದು ರೊಟ್ಟಿ ಬಡಿದು ಬುತ್ತಿ ಕಟ್ಟಿದರು. ಮಕ್ಕಳನ್ನು ನಾಲ್ಕೂವರೆಗೆ ಎಬ್ಬಿಸಲಾಯಿತು. ಗಾಡಿ ಹೊರಟ ಮೇಲೆ ಹಿರಿಯವಳು ಮೊಬೈಲ್ ಹಿಡಿದಳು, ತಮ್ಮ ಅದರೊಳಗೆ ಇಣುಕುತ್ತ ಕುಳಿತ, ಹುಮನಾಬಾದ್ ಬರುವಷ್ಟರಲ್ಲಿ ಅವನಿಗೆ ವಾಂತಿಯಾಯಿತು. ಗಾಡಿಯಲ್ಲಿ ಹೋಗುವಾಗ ಒಳಗಿವಿ ಚಲನೆಯನ್ನು ಅರಿಯುತ್ತದೆ; ಕಣ್ಣು ಪರದೆಯಲ್ಲಿ ನೆಟ್ಟಿದ್ದರೆ ಚಲನೆ ಇಲ್ಲವೆಂದೇ ಹೇಳುತ್ತದೆ; ಈ ಎರಡರ ಹೊಂದಾಣಿಕೆ ತಪ್ಪಿದಾಗ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಇದು ಹೆಚ್ಚು. ಅದು ನನಗೆ ತಿಳಿದ ವಿಷಯವೇ ಆಗಿತ್ತು. ಆದರೂ ಹುಡುಗರು ಸುಮ್ಮನಿದ್ದಾರಲ್ಲ ಎಂದು ನಾವು ಮೊಬೈಲನ್ನು ಕಸಿದುಕೊಂಡಿರಲಿಲ್ಲ.

ನರಸಿಂಹ ಝರಣಿಯಲ್ಲಿ ದೇವರ ದರ್ಶನಕ್ಕೆ ಗುಹೆಯೊಳಗಿನ ನೀರಿನಲ್ಲಿ ನಡೆದು ಹೋಗಬೇಕು. ದೊಡ್ಡವರಿಗೇ ಸೊಂಟ ಮೀರುವ ನೀರು, ಮೇಲೆ ಬಾವಲಿಗಳು. ಭಕ್ತರಿಗೆ ಅದೊಂದು ಅಪೂರ್ವ ಅನುಭವ. ಆದರೆ ಒಂದು ತಾಸಿಗೂ ಮಿಕ್ಕಿ ಸರದಿಯಲ್ಲಿ ನಿಂತು, ಅಪ್ಪನ ಹೆಗಲೇರಿ ಕತ್ತಲೆಗೆ ಹೊಕ್ಕ ನಾಲ್ಕು ವರ್ಷದ ಕೂಸಿಗೆ ಅದು ಭಯವಾಗಿಯೇ ಉಳಿಯಿತು. ಅವಳ ಅಳು ಅಲ್ಲಿಂದ ಶುರುವಾದದ್ದು ಸಂಜೆಯವರೆಗೂ ಪೂರ್ತಿ ನಿಲ್ಲಲಿಲ್ಲ. ಕೋಟೆಗೆ ನಾವು ತಲುಪಿದ್ದು ಮಧ್ಯಾಹ್ನ ಒಂದು ಗಂಟೆಗೆ, ಕಲ್ಲು ಕಾದು ಕೆಂಡವಾಗಿದ್ದ ಹೊತ್ತಿನಲ್ಲಿ.

ಅಲ್ಲಿ ನಡೆದ ಒಂದು ಸಣ್ಣ ಸಂಗತಿ ಇಡೀ ಪ್ರಕರಣದ ತಿರುಳೆಂದು ನನಗೆ ಈಗ ಅನಿಸುತ್ತದೆ. ಕೋಟೆಯೊಳಗಿನ ಸೋಲಾ ಖಂಬಾ ಮಸೀದಿಯ ಎದುರು ಬಂದಾಗ, ಆ ಹೆಸರಿಗೆ ಹದಿನಾರು ಕಂಬ ಎಂದು ಅರ್ಥವೆಂದು ನಾನು ಹೇಳಿದೆ. ಹುಡುಗ ಕಮಾನುಗಳ ಆಚೆಗೆ ಬೆರಳು ತೋರಿಸುತ್ತ ಎಣಿಸತೊಡಗಿದ. ಆ ದಿನ ಅವನು ತಾನಾಗಿ ಆಸೆಪಟ್ಟು ಮಾಡಿದ ಕೆಲಸ ಅದೊಂದೇ. "ಅತ್ತಿ, ಹನ್ನೊಂದ ಆಗ್ಯಾವ, ಜರಾ ತಡಿ" ಎಂದ. ನಾನು ಕಾಯಲಿಲ್ಲ. ಪಟ್ಟಿಯಲ್ಲಿ ಇನ್ನೂ ಮೂರು ಜಾಗ ಬಾಕಿಯಿದ್ದವು; ಕೈ ಹಿಡಿದು ಎಳೆದುಕೊಂಡು ನಡೆದೆ.

ಮದರಸಾವನ್ನು ಹೊರಗಿನಿಂದ ನೋಡಿದ್ದಾಯಿತು. ಅಷ್ಟೂರಿನಲ್ಲಿ ಮಕ್ಕಳು ಗಾಡಿಯಿಂದ ಇಳಿಯಲಿಲ್ಲ. ಪಾಪನಾಶದಲ್ಲಿ ಅಳು ನಿಲ್ಲಿಸಲು ಪ್ಲಾಸ್ಟಿಕ್ ಆಟಿಕೆಗಳನ್ನು ಕೊಡಿಸಲಾಯಿತು, ಅವು ದಾರಿಯಲ್ಲೇ ಮುರಿದವು. ಮರುದಿನ ಪಕ್ಕದ ಮನೆಯವರು ಬೀದರದಾಗ ಏನೇನು ನೋಡಿ ಬಂದ್ರಿ ಎಂದು ಕೇಳಿದಾಗ ಹಿರಿಯವಳು ಕೊಟ್ಟ ಉತ್ತರ ಇಷ್ಟೇ: "ಗಾಡ್ಯಾಗ ಕುಂತಿದ್ವಿ." ಅವಳು ಸುಳ್ಳು ಹೇಳಿರಲಿಲ್ಲ. ಟಿಪ್ಪಣಿ ತೆಗೆದು ಲೆಕ್ಕ ಹಾಕಿದರೆ ಹದಿನಾರು ತಾಸಿನಲ್ಲಿ ಏಳು ತಾಸು ಗಾಡಿಯಲ್ಲಿ, ಮೂರು ತಾಸು ಸರದಿಯಲ್ಲಿ ಮತ್ತು ಕಾಯುವುದರಲ್ಲಿ ಹೋಗಿತ್ತು. ಉಳಿದ ಆರು ತಾಸನ್ನು ಏಳು ಜಾಗಗಳಿಗೆ ಹಂಚಿದರೆ, ಚಪ್ಪಲಿ ಬಿಡುವುದು, ನೀರು ಕುಡಿಸುವುದು, ಒಬ್ಬರನ್ನೊಬ್ಬರು ಹುಡುಕುವುದು ಎಲ್ಲವೂ ಸೇರಿ ಒಂದೊಂದಕ್ಕೆ ಒಂದು ತಾಸೂ ಬೀಳುವುದಿಲ್ಲ.

ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಕಾರಣ ಹೇಳಿದರು. ಅಣ್ಣ ಮೊಬೈಲನ್ನು ದೂರಿದ, ವೈನಿ ಬಿಸಿಲನ್ನು, ತಾಯಿಯವರು ಹುಡುಗರ ಹೊಟ್ಟೆಗೆ ಹೊತ್ತಿಗೆ ಸರಿಯಾಗಿ ಅನ್ನ ಬೀಳದ್ದನ್ನು. ಮೂರರಲ್ಲೂ ನಿಜವಿದೆ. ಆದರೆ ಬಿಸಿಲೇರುವ ಮೊದಲೇ, ಹಸಿವಾಗುವ ಮೊದಲೇ, ಬೆಳಿಗ್ಗೆ ಒಂಬತ್ತರ ಹೊತ್ತಿಗೇ ಮಕ್ಕಳು ಮನಿಗಿ ಹೋಗಮು ಎನ್ನತೊಡಗಿದ್ದನ್ನು ಈ ಮೂರು ಕಾರಣಗಳು ವಿವರಿಸುವುದಿಲ್ಲ.

ಹೊಲದಲ್ಲಿ ಕಂಡದ್ದು

ಉತ್ತರ ಸಿಕ್ಕಿದ್ದು ಎಳ್ಳಮಾವಾಸ್ಯೆಯ ದಿನ, ಆಳಂದ ತಾಲ್ಲೂಕಿನಲ್ಲಿರುವ ವೈನಿಯ ತವರಿನ ಹೊಲದಲ್ಲಿ. ನಮ್ಮ ಕಲಬುರಗಿ, ಬೀದರ್ ಸೀಮೆಯಲ್ಲಿ ಆ ದಿನ ಮನೆಗಳು ಖಾಲಿಯಾಗಿ ಹೊಲಗಳು ತುಂಬುತ್ತವೆ. ಹಿಂಗಾರಿ ಜೋಳ ಎದೆಯೆತ್ತರ ನಿಂತಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ. ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಹೊಲದ ತುಂಬ ಚರಗ, ಅಂದರೆ ಭೂಮಿತಾಯಿಗೆ ಎಡೆಯ ಅನ್ನ, ಚೆಲ್ಲಿ, ಭಜ್ಜಿ, ರೊಟ್ಟಿ, ಕಡಬು, ಅಂಬಲಿ, ಶೇಂಗಾ ಹೋಳಿಗೆಗಳ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂಡುತ್ತಾರೆ. ಇದೇ ಮೂರು ಮಕ್ಕಳು ಬೆಳಿಗ್ಗೆ ಒಂಬತ್ತರಿಂದ ಹೊತ್ತು ಮುಳುಗುವವರೆಗೆ ಆ ಒಂದೇ ಹೊಲದಲ್ಲಿದ್ದರು. ಆಟಿಕೆ ಇರಲಿಲ್ಲ, ನೋಡಲು ಗುಡಿ ಗೋಪುರಗಳಿರಲಿಲ್ಲ, ಮೊಬೈಲಿಗೆ ಸಿಗ್ನಲ್ ಸಹ ಸರಿಯಾಗಿರಲಿಲ್ಲ. ಸಂಜೆ ತಾಯಿಯವರು, "ಹುಡುಗರು ಒಂದ್ಸಲನೂ ಮನಿಗಿ ಹೋಗಮು ಅನ್ಲಿಲ್ಲ ನೋಡು" ಎಂದರು. ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು.

ಆ ದಿನ ಮಕ್ಕಳು ಏನು ಮಾಡುತ್ತಿದ್ದರು ಎಂದು ನೆನೆಸಿಕೊಂಡು ಬರೆದೆ. ಐದು ಕಲ್ಲುಗಳನ್ನು ಆರಿಸಿ ತಂದವನು ಹುಡುಗ. ಎರಡು ಕಲ್ಲು ಸರಿಯಿಲ್ಲವೆಂದು ಅವನ ಮುತ್ಯಾ ಹಿಂದಕ್ಕೆ ಕಳಿಸಿದ್ದರಿಂದ ಮತ್ತೆ ಹೋಗಿ ಬೇರೆ ತಂದಿದ್ದ. ಚರಗ ಚೆಲ್ಲುವವರ ಹಿಂದೆ ನೀರಿನ ತಂಬಿಗೆ ಹಿಡಿದು ನಡೆದವಳು ಕಿರಿಯವಳು. ಅರ್ಧ ನೀರು ಅವಳ ಲಂಗದ ಮೇಲೆಯೇ ಚೆಲ್ಲಿತ್ತು, ಯಾರೂ ಗದರಲಿಲ್ಲ. ಹಿರಿಯವಳು ಬಡಿಸಿದಳು, ಆಮೇಲೆ ಓರಗೆಯವರೊಡನೆ ಹಸಿ ಕಡಲೆ ಗಿಡ ಕಿತ್ತು ಸುಟ್ಟು ತಿಂದಳು. ಅಂದರೆ ಆ ದಿನ ನಡೆಯಲು ಈ ಮಕ್ಕಳು ನಿಜವಾಗಿ ಬೇಕಾಗಿದ್ದರು. ಬೀದರಿನಲ್ಲಿ ನಾವು ಅವರನ್ನು ಬುತ್ತಿಯ ಗಂಟಿನಂತೆ ಗಾಡಿಯಿಂದ ಇಳಿಸಿ, ಮತ್ತೆ ಏರಿಸಿ ಸಾಗಿಸಿದ್ದೆವು. ಇನ್ನೊಂದು ವ್ಯತ್ಯಾಸವೂ ಕಂಡಿತು. ಹೊಲದಲ್ಲಿ ದೊಡ್ಡವರು ಮಕ್ಕಳಿಗೆ ಏನನ್ನೋ ತೋರಿಸುವ ಹೊಣೆ ಹೊತ್ತು ಬಂದಿರಲಿಲ್ಲ. ಹಬ್ಬ ಅವರದೂ ಆಗಿತ್ತು, ಅವರ ಮುಖ ಸಡಿಲವಾಗಿತ್ತು. ಮಕ್ಕಳು ಊರಿನ ಚಂದವನ್ನು ನೋಡುವ ಮೊದಲು ಅಪ್ಪ ಅವ್ವನ ಮುಖವನ್ನು ನೋಡುತ್ತಾರೆ.

ಜನವರಿಯ ದಿನ

ಮತ್ತೆ ಬೀದರಿಗೇ ಹೋಗೋಣವೆಂದು ನಾನು ಹೇಳಿದಾಗ ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಬೇರೆ ಊರು ಆರಿಸಬಹುದಿತ್ತು. ಆದರೆ ಊರು ಬದಲಿಸಿದರೆ ತಪ್ಪು ಊರಿನದೆಂದು ಉಳಿದುಬಿಡುತ್ತದೆ ಎಂಬುದು ನನ್ನ ವಾದವಾಗಿತ್ತು. ರೈಲಿನ ವಿಚಾರವೂ ಬಂದಿತು. 2017ರಲ್ಲಿ ಕಲಬುರಗಿ-ಬೀದರ್ ಮಾರ್ಗ ಪೂರ್ತಿಯಾದ ಮೇಲೆ ಆ ಅನುಕೂಲವಿದೆ, ಮಕ್ಕಳಿಗೂ ಅದೇ ಬೇಕಿತ್ತು. ತಾಯಿಯವರ ಮೊಣಕಾಲಿನ ಸಲುವಾಗಿ ಗಾಡಿಯನ್ನೇ ಉಳಿಸಿಕೊಂಡೆವು. ಜಾಗಗಳು ಎರಡೇ: ಕೋಟೆ, ಮತ್ತು ಕಪ್ಪು ಲೋಹದಲ್ಲಿ ಬೆಳ್ಳಿಯ ಚಿತ್ತಾರ ಕೂಡಿಸುವ ಬಿದರಿ ಕೆಲಸದ ಒಂದು ಕಾರ್ಖಾನೆ. ಇವನ್ನು ಆರಿಸಿದವರು ಮಕ್ಕಳು. ಹೊರಡುವ ಹೊತ್ತು ಎಂಟು, ಮಕ್ಕಳು ತಾವಾಗಿ ಎದ್ದ ಮೇಲೆ.

ಕೆಲಸಗಳನ್ನು ಹಂಚಿದೆವು. ಬಹಮನಿ ರಾಜ್ಯ 1347ರಲ್ಲಿ ನಮ್ಮ ಕಲಬುರಗಿಯಲ್ಲೇ ಶುರುವಾಗಿ, ಹದಿನೈದನೆಯ ಶತಮಾನದಲ್ಲಿ ಅಹಮದ್ ಷಾನ ಕಾಲಕ್ಕೆ ರಾಜಧಾನಿ ಬೀದರಿಗೆ ಹೋಯಿತು. ಆ ಕಥೆಯನ್ನು ಓದಿಕೊಂಡು ದಾರಿಯಲ್ಲಿ ಹೇಳುವುದು ಹಿರಿಯವಳ ಪಾಲಿಗೆ ಬಂತು. ನಾವು ಹೋಗುವುದು ಒಂದು ರಾಜಧಾನಿ ಗಂಟುಮೂಟೆ ಕಟ್ಟಿಕೊಂಡು ಹೋದ ಕಡೆಗೇ ಎಂಬ ಮಾತು ಅವಳಿಗೆ ಬಹಳ ಹಿಡಿಸಿತು. ಹುಡುಗನಿಗೆ ಕೊಟ್ಟ ಕೆಲಸವೆಂದರೆ ಕಲಬುರಗಿಯ ಕರಿ ಮಣ್ಣು ಎಲ್ಲಿ ಮುಗಿದು ಬೀದರಿನ ಕೆಂಪು ಮಣ್ಣು ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು. ಕಿರಿಯವಳಿಗೆ ಅವಳದೇ ಒಂದು ಸಣ್ಣ ಚೀಲ, ಅದರಲ್ಲಿ ಎಲ್ಲರಿಗೂ ಹಂಚಬೇಕಾದ ಶೇಂಗಾ ಚಿಕ್ಕಿ. ಮೊಬೈಲ್ ಒಂದೇ ಹೊರಗೆ ಬರಬೇಕು, ದಿನಕ್ಕೆ ಹತ್ತೇ ಫೋಟೊ, ತೆಗೆಯುವವರು ಮಕ್ಕಳು ಎಂದು ಒಪ್ಪಂದವಾಯಿತು.

ಮಣ್ಣಿನ ಕೆಲಸ ನಾನು ನೆನೆಸಿದ್ದಕ್ಕಿಂತ ಹೆಚ್ಚು ಫಲ ಕೊಟ್ಟಿತು. ಹುಡುಗ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಹುಮನಾಬಾದಿನ ಆಸುಪಾಸಿನಲ್ಲಿ ಕೂಗಿ ಗಾಡಿ ನಿಲ್ಲಿಸಿದ. ಎಲ್ಲರೂ ಇಳಿದು ನೋಡಿದೆವು, ಮಣ್ಣು ಮುಟ್ಟಿದೆವು, ಅಲ್ಲಿಂದ ಮುಂದೆ ಮತ್ತೆ ಕರಿ ಮಣ್ಣಿನ ಹೊಲ ಬಂದಾಗ ಅವನು ತನ್ನ ತೀರ್ಮಾನ ತಪ್ಪೆಂದು ಪೇಚಾಡಿಕೊಂಡ, ನಾಲ್ಕು ಕಿಲೋಮೀಟರಿನ ಆಚೆ ಮತ್ತೆ ನಿಲ್ಲಿಸಿದ. ಈ ಸಲ ವಾಂತಿಯಾಗಲಿಲ್ಲ. ಕಣ್ಣು ದೂರದ ನೆಲದ ಮೇಲಿದ್ದುದೇ ಅದಕ್ಕೆ ಕಾರಣವೆಂದು ಬೇರೆ ಹೇಳಬೇಕಿಲ್ಲ.

ಕೋಟೆಯಲ್ಲಿ ಅವಸರವಿಲ್ಲದೆ ಇದ್ದೆವು. ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕದ ಹತ್ತಿರವೇ ಮುಕ್ಕಾಲು ತಾಸು ಹೋಯಿತು, ಏಕೆಂದರೆ ಕಡಿದ ಕಲ್ಲನ್ನೆಲ್ಲ ಎಲ್ಲಿಗೆ ಒಯ್ದರು ಎಂಬ ಪ್ರಶ್ನೆ ಹುಡುಗನಿಗೆ ಹುಟ್ಟಿತು. ಗೋಡೆಯನ್ನು ತಟ್ಟಿ ನೋಡಿ, ಇದೇ ಆ ಕಲ್ಲಿರಬೇಕೆಂದು ಅವನೂ ಅವನಪ್ಪನೂ ಮಾತಾಡಿಕೊಂಡರು. ಶರ್ಜಾ ದರ್ವಾಜಾದ ಮೇಲೆ ಕೆತ್ತಿದ ಮೃಗಗಳು ಹುಲಿಗಳೋ ಸಿಂಹಗಳೋ ಎಂದು ಅಕ್ಕ ತಂಗಿಯರಲ್ಲಿ ಜಗಳವಾಯಿತು, ಆ ಜಗಳ ಇನ್ನೂ ಮುಗಿದಿಲ್ಲ. ನಂತರ ಸೋಲಾ ಖಂಬಾ. ಹುಡುಗನಿಗೆ ನಾನೇನೂ ನೆನಪಿಸಲಿಲ್ಲ. ಅವನು ನೇರವಾಗಿ ಹೋಗಿ ಒಂದರಿಂದ ಎಣಿಸಲು ಹಿಡಿದ. ನಾವೆಲ್ಲ ನೆರಳಿನಲ್ಲಿ ಕುಳಿತೆವು. ಹೆಸರು ಹದಿನಾರಾದರೂ ಆ ಮಸೀದಿಯೊಳಗೆ ಕಂಬಗಳು ಅದಕ್ಕಿಂತ ಎಷ್ಟೋ ಹೆಚ್ಚಿವೆ. ಹದಿನಾರು ದಾಟಿದಾಗ ಅವನ ದನಿ ಬದಲಾಯಿತು. ಓಡಿ ಬಂದು, ಹೆಸರಿಟ್ಟವರಿಗೆ ಎಣಿಸಲು ಬರುತ್ತಿರಲಿಲ್ಲವೇ ಎಂದು ಕೇಳಿದ. ಬಹಮನಿ ಕಾಲದ, 1423-24ರ ಆ ಕಟ್ಟಡದ ಬಗ್ಗೆ ನಾನು ಏನೆಲ್ಲ ಹೇಳಬೇಕೆಂದು ಮೇ ತಿಂಗಳಲ್ಲಿ ಸಿದ್ಧವಾಗಿ ಬಂದಿದ್ದೆನೋ ಅದನ್ನೆಲ್ಲ ಈಗ ಅವನೇ ಒಂದೊಂದಾಗಿ ಕೇಳಿ ತೆಗೆದುಕೊಂಡ.

ತಾಯಿಯವರು ಇಡೀ ಕೋಟೆ ಸುತ್ತಲಿಲ್ಲ. ಹೆಬ್ಬಾಗಿಲ ಒಳಗಿನ ಮರದ ಕೆಳಗೆ ಜಮಖಾನೆ ಹಾಸಿ ಕುಳಿತಿದ್ದರು, ದಣಿದ ಮಗು ಅವರ ಬಳಿಗೆ ಹೋಗುತ್ತಿತ್ತು. ಕಿರಿಯವಳು ಅಲ್ಲಿ ಒಂದು ತಾಸು ನಿದ್ದೆಯನ್ನೂ ಮಾಡಿದಳು. ಮಕ್ಕಳೊಡನೆ ಹೋಗುವಾಗ ಹೀಗೆ ಕುಳಿತಿರುವ ಒಬ್ಬರು ಬೇಕು ಎಂಬುದು ನನಗೆ ಅಂದು ಮೊದಲ ಬಾರಿ ಹೊಳೆಯಿತು. ಅಲ್ಲಿಯವರೆಗೆ ತಾಯಿಯವರ ಮೊಣಕಾಲನ್ನು ನಾವು ಪ್ರವಾಸದ ಅಡಚಣೆಯೆಂದೇ ಎಣಿಸುತ್ತಿದ್ದೆವು. ಊಟ ಹನ್ನೆರಡೂವರೆಗೆ, ಕೋಟೆಯಿಂದ ಹೊರಬಂದು. ಹಿಂದಿನ ರಾತ್ರಿಯೇ ಮಾಡಿಟ್ಟ ದಪಾಟಿ ಎಂಬ ಖಾರದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಕಟ್ಟಿದವರು ಅಣ್ಣ ಮತ್ತು ಮಕ್ಕಳು.

ಬಿದರಿ ಕೆಲಸದ ಕಾರ್ಖಾನೆ ಊರ ನಡುವಿನ ಹಳೆಯ ಕಾವಲು ಗೋಪುರವಾದ ಚೌಬಾರಾದ ಹತ್ತಿರದ ಗಲ್ಲಿಯಲ್ಲಿತ್ತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಜ್ಜಿ ನಯಮಾಡಿ, ಚಿತ್ತಾರ ಕಾಣಲೆಂದು ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಸಣ್ಣ ಉಳಿಯಿಂದ ಗೆರೆ ಕೊರೆದು, ಆ ಗೆರೆಯಲ್ಲಿ ಬೆಳ್ಳಿಯ ತಂತಿ ಕೂಡಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಕೊನೆಯ ಹಂತದಲ್ಲಿ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕೂಡಿಸಿದ ದ್ರಾವಣ ಹಚ್ಚಿದಾಗ ಪಾತ್ರೆಯ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. 2006ರಲ್ಲಿ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ ಪಡೆದ ಈ ಕಲೆಯನ್ನು ಅಂಗಡಿಯ ಕಪಾಟಿನಲ್ಲಿ ನೋಡಿದ ಮಗುವಿಗೆ ಅದು ಬರೀ ಹೂದಾನಿ. ಇಲ್ಲಿ ಮಕ್ಕಳು ಕೆಲಸಗಾರರ ಪಕ್ಕದಲ್ಲೇ ಕುಳಿತರು. ಒಳ್ಳೆಯ ಮಣ್ಣು ಯಾವುದೆಂದು ನಾಲಿಗೆಗೆ ಹಚ್ಚಿ ನೋಡಿ ತಿಳಿಯುತ್ತಾರೆಂದು ಹಿರಿಯ ಕುಶಲಕರ್ಮಿಯೊಬ್ಬರು ಹೇಳಿದ್ದೇ ತಡ, ಬೆಳಗಿನಿಂದ ಮಣ್ಣನ್ನೇ ನೋಡುತ್ತ ಬಂದಿದ್ದ ಹುಡುಗ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಹಿರಿಯವಳು ಕಪ್ಪೇರುವ ಆ ಗಳಿಗೆಯನ್ನು ನೋಡಿ ಮಾತಿಲ್ಲದೆ ನಿಂತಳು. ಹತ್ತನೆಯ ಫೋಟೊ ಉಳಿದಿದ್ದರೂ ಅವಳು ತೆಗೆಯಲಿಲ್ಲ.

ಒಂದು ಅನುಭವವನ್ನು ನೆನೆಯುವಾಗ ಅದರ ಅತಿ ತೀವ್ರವಾದ ಗಳಿಗೆ ಮತ್ತು ಕೊನೆಯ ಗಳಿಗೆಗಳು ಉಳಿದೆಲ್ಲಕ್ಕಿಂತ ಹೆಚ್ಚು ತೂಗುತ್ತವೆ, ಅದು ಎಷ್ಟು ಹೊತ್ತು ನಡೆಯಿತೆಂಬುದು ಅಷ್ಟಾಗಿ ತೂಗುವುದಿಲ್ಲ ಎಂದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಹೇಳಿದ್ದರು. ಮೇ ತಿಂಗಳಲ್ಲಿ ನಮ್ಮ ಕೊನೆಯ ಗಳಿಗೆ ಕತ್ತಲಿನ ಅಳುವಾಗಿತ್ತು. ಈ ಸಲ ಮೂರೂವರೆಗೇ ಬೀದರ್ ಬಿಟ್ಟು, ಬೆಳಕಿರುವಾಗಲೇ ಕಮಲಾಪುರದಲ್ಲಿ ಇಳಿದು, ಅಲ್ಲಿಯ ಕೆಂಪು ಬಾಳೆಹಣ್ಣನ್ನು ಹುಡುಗನ ಕೈಯಿಂದ ಕೊಳ್ಳಿಸಿದೆವು. ಅವನಿಗೆ ಬೆಳಿಗ್ಗೆಯೇ ನೂರು ರೂಪಾಯಿ ಕೊಟ್ಟಿತ್ತು. ಅದನ್ನು ದಿನವಿಡೀ ಖರ್ಚು ಮಾಡದೆ ಇಟ್ಟುಕೊಂಡಿದ್ದ.

ಬಗೆಹರಿಯದೆ ಉಳಿದವು

ಎಲ್ಲವೂ ಸರಿಹೋಯಿತೆಂದು ಬರೆದರೆ ತಪ್ಪಾಗುತ್ತದೆ. ಅಷ್ಟೂರಿನ ಗುಂಬಜ್‌ಗಳನ್ನು ಮತ್ತೆ ನೋಡಲಾಗಲಿಲ್ಲವೆಂಬ ಬೇಸರ ಅಣ್ಣನಿಗಿದೆ. ಅವನ ದೃಷ್ಟಿಯಲ್ಲಿ ಅಷ್ಟು ಬಾಡಿಗೆ ಕೊಟ್ಟು ಹೋಗಿ ಎರಡೇ ಜಾಗ ನೋಡುವುದು ನಷ್ಟ. ದುಡಿಯುವವನ ಆ ಲೆಕ್ಕವನ್ನು ನಾನು ತಳ್ಳಿಹಾಕಲಾರೆ. ಹಿರಿಯವಳು ಮರಳುವ ದಾರಿಯಲ್ಲಿ ಮೊಬೈಲ್ ಕೇಳಿ ಮುಖ ಊದಿಸಿಕೊಂಡಳು. ಹನ್ನೆರಡಕ್ಕೂ ನಾಲ್ಕಕ್ಕೂ ಒಪ್ಪುವ ಒಂದೇ ದಿನ ಇರಲಾರದೇನೋ. ಮುಂದಿನ ಸಲ ಅವಳ ಗೆಳತಿಯೊಬ್ಬಳನ್ನೂ ಕರೆದೊಯ್ಯುವ ಯೋಚನೆಯಿದೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ವೈನಿಯ ವಿಷಯ. ಮೇ ತಿಂಗಳ ಟಿಪ್ಪಣಿಯಲ್ಲಿ ಮಕ್ಕಳ ಅಳುವನ್ನು ನಾನು ಗಂಟೆ ಸಹಿತ ಬರೆದಿದ್ದೇನೆ. ಮೂರೂವರೆಗೆ ಎದ್ದು ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದ ಹೆಂಗಸು ಆ ದಿನ ಏನಾದರೂ ನೋಡಿದಳೇ ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಜನವರಿಯಲ್ಲಿ ರಾತ್ರಿಯ ದಪಾಟಿಯಿಂದ ಅವರಿಗೆ ನಿದ್ದೆ ಸಿಕ್ಕಿತು, ಆದರೆ ಆ ದಪಾಟಿಯನ್ನು ಬಡಿದವರೂ ಅವರೇ. ಊಟವನ್ನು ಹೊರಗೆ ಕೊಳ್ಳಬಹುದೆಂದು ನಾನು ಹೇಳಿದಾಗ ತಾಯಿಯವರು ಒಪ್ಪಲಿಲ್ಲ, ವೈನಿ ಸುಮ್ಮನಿದ್ದರು. ಮಕ್ಕಳ ದಿನ ಚೆನ್ನಾಗಿರಬೇಕಾದರೆ ಅವರ ತಾಯಿಗೂ ಅದು ರಜೆಯ ದಿನವಾಗಬೇಕು ಎಂಬುದನ್ನು ನಮ್ಮ ಮನೆ ಅರ್ಧ ಮಾತ್ರ ಕಲಿತಿದೆ.

ಪ್ರವಾಸದಿಂದ ಬಂದ ಎರಡು ವಾರಕ್ಕೆ ಹುಡುಗ ಒಂದು ಬೇಡಿಕೆ ಇಟ್ಟ. ರಾಜಧಾನಿ ಬೀದರಿಗೆ ಹೋಗುವ ಮೊದಲು ಕಲಬುರಗಿಯಲ್ಲಿ ಇತ್ತಲ್ಲ, ಇಲ್ಲಿಯ ಕೋಟೆಯಲ್ಲೂ ಕಂಬಗಳಿವೆಯೇ ಎಂದು ಕೇಳಿದ. ಮನೆಯಿಂದ ಹತ್ತು ನಿಮಿಷದ ದಾರಿ. ಅವನನ್ನು ನಾವು ಒಂದು ದಿನವೂ ಒಳಗೆ ಕರೆದೊಯ್ದಿರಲಿಲ್ಲ. ಭಾನುವಾರ ಸಂಜೆ ಅವನೂ ವೈನಿಯೂ ನಾನೂ ಹೋದೆವು, ಬುತ್ತಿಯಿಲ್ಲದೆ, ಪಟ್ಟಿಯಿಲ್ಲದೆ. ಕೋಟೆಯೊಳಗಿನ 1367ರ ಜಾಮಾ ಮಸೀದಿಗೆ ಸಾಮಾನ್ಯವಾಗಿ ಮಸೀದಿಗಳಲ್ಲಿರುವ ಬಯಲು ಅಂಗಳವೇ ಇಲ್ಲ, ಇಡೀ ನೆಲ ಸೂರಿನ ಕೆಳಗಿದೆ, ಎತ್ತ ನೋಡಿದರೂ ಕಮಾನಿನ ಸಾಲು. ಹುಡುಗ ಎಣಿಸುತ್ತ ಹೋದ, ಎರಡು ಸಲ ಲೆಕ್ಕ ತಪ್ಪಿದ. ಮೂರನೆಯ ಸಲ ವೈನಿ ಎದ್ದು, ಒಂದು ತುದಿಯಿಂದ ತಾನು ಎಣಿಸುತ್ತೇನೆ, ಇನ್ನೊಂದು ತುದಿಯಿಂದ ನೀನು ಬಾ ಎಂದರು.